ಏಳು ವರ್ಷದ ಶಿಕ್ಷೆ, ಹಿಂದಿರುಗದ ಹಡಗು

1789ರ ಜನವರಿ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ಕಟಕಟೆಯಲ್ಲಿ ಹತ್ತು ಹನ್ನೊಂದರ ಪ್ರಾಯದ ಹುಡುಗಿಯೊಬ್ಬಳು ನಿಂತಿದ್ದಳು. ಹೆಸರು ಮೇರಿ ವೇಡ್. ಬೀದಿ ಗುಡಿಸಿ, ಬೇಡಿ ತಿನ್ನುತ್ತಿದ್ದವಳು. ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋಗಲು ಬಂದಿದ್ದ ಎಂಟು ವರ್ಷದ ಮಗುವಿನ ಮೈಮೇಲಿನ ಬಟ್ಟೆಯನ್ನು ಬಿಚ್ಚಿಕೊಂಡಳು ಎಂಬುದು ಆರೋಪ. ಜೊತೆಗೆ ಹದಿನಾಲ್ಕರ ಇನ್ನೊಬ್ಬ ಹುಡುಗಿಯಿದ್ದಳು. ಕದ್ದದ್ದು ಒಂದು ಹತ್ತಿಯ ಫ್ರಾಕು, ಹೆಗಲ ಮೇಲೆ ಹಾಕಿಕೊಳ್ಳುವ ಲಿನನ್ ತುಂಡು, ಒಂದು ಟೋಪಿ. ಫ್ರಾಕನ್ನು ಗಿರವಿ ಅಂಗಡಿಗೆ ಕೊಟ್ಟು 18 ಪೆನ್ನಿ ತಂದಿದ್ದರು. ನ್ಯಾಯಾಲಯ ಇಬ್ಬರಿಗೂ ಗಲ್ಲು ಶಿಕ್ಷೆ ಕೊಟ್ಟಿತು.

ಆದರೆ ಅವರನ್ನು ಗಲ್ಲಿಗೇರಿಸಲಿಲ್ಲ. ಬುದ್ಧಿಭ್ರಮಣೆಗೆ ಒಳಗಾಗಿದ್ದ ರಾಜ ಮೂರನೇ ಜಾರ್ಜ್ ಆ ಮಾರ್ಚ್‌ನಲ್ಲಿ ಗುಣಮುಖನಾದ. ಆ ಸಂಭ್ರಮದಲ್ಲಿ, ಗಲ್ಲಿಗಾಗಿ ಕಾಯುತ್ತಿದ್ದ ಹೆಂಗಸರ ಜೀವ ಉಳಿಸಿ, ಅದರ ಬದಲು ಕಡಲಾಚೆಗೆ ಕಳಿಸುವುದೆಂದು ಆಜ್ಞೆಯಾಯಿತು. ಮೇರಿ ವೇಡ್ 'ಲೇಡಿ ಜೂಲಿಯಾನಾ' ಎಂಬ ಹಡಗು ಹತ್ತಿದಳು. ಹಡಗಿನಲ್ಲಿ ಅವಳಂಥ ಇನ್ನೂರಕ್ಕೂ ಹೆಚ್ಚು ಹೆಂಗಸರಿದ್ದರು. ಅವರಲ್ಲಿ ತೀರಾ ಚಿಕ್ಕವರ ಸಾಲಿಗೆ ಸೇರಿದವಳು ಈ ಹುಡುಗಿ.

ಕರಿನೀರಿನ ಶಿಕ್ಷೆ ಎಂದರೆ ನಮಗೆ ಅಂಡಮಾನ್ ನೆನಪಾಗುತ್ತದೆ. 1858ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ನೆಲೆ ಹೂಡುವ ಎಷ್ಟೋ ಮೊದಲೇ ಅದೇ ಶಿಕ್ಷೆಯನ್ನು ತಮ್ಮ ದೇಶದ ಬಡವರ ಮೇಲೆ ಪ್ರಯೋಗಿಸಿದ್ದರು. 1718ರ ಕಾನೂನಿನ ಬಲದಿಂದ ಸುಮಾರು 50,000 ಕೈದಿಗಳನ್ನು ಅಮೆರಿಕದ ವರ್ಜೀನಿಯಾ, ಮೇರಿಲ್ಯಾಂಡ್ ಮುಂತಾದ ಕಡೆ ಸಾಗಿಸಿದರು. ಅಮೆರಿಕ ಸ್ವಾತಂತ್ರ್ಯಕ್ಕಾಗಿ ಯುದ್ಧ ಹೂಡಿದಾಗ ಆ ಬಾಗಿಲು ಮುಚ್ಚಿತು. ಜೈಲುಗಳು ತುಂಬಿ ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಹಳೆಯ ಹಡಗುಗಳನ್ನೇ ಸೆರೆಮನೆ ಮಾಡಬೇಕಾಯಿತು. ಕೊನೆಗೆ ಹುಡುಕಿದ ಜಾಗ ಆಸ್ಟ್ರೇಲಿಯಾ. 1787ರ ಮೇ ತಿಂಗಳಲ್ಲಿ 11 ಹಡಗುಗಳ ಮೊದಲ ತಂಡ ಹೊರಟಿತು. ಅದರಲ್ಲಿ ಸುಮಾರು 190 ಹೆಣ್ಣು ಕೈದಿಗಳಿದ್ದರು. 1868ರವರೆಗೆ ನಡೆದ ಈ ಸಾಗಾಟದಲ್ಲಿ ಒಟ್ಟು 1,60,000ಕ್ಕೂ ಹೆಚ್ಚು ಜನ ಹೋದರು. ಹೆಂಗಸರು ಸುಮಾರು 25,000. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯನ್ನು ಇಳಿಸಿದ್ದು ಆಗ ವಾನ್ ಡೀಮನ್ಸ್ ಲ್ಯಾಂಡ್ ಎನ್ನುತ್ತಿದ್ದ ಇಂದಿನ ಟಾಸ್ಮೇನಿಯಾದಲ್ಲಿ.

ಇವರು ಯಾರು

ಈ ಹೆಂಗಸರನ್ನು ಬಹಳ ಕಾಲ 'ಸೂಳೆಯರು' ಎಂದೇ ಬರೆದರು. ಅಂದಿನ ಅಧಿಕಾರಿಗಳು ಹಾಗೆ ಬರೆದರು, ಆಮೇಲೆ ಬಂದ ಇತಿಹಾಸಕಾರರಲ್ಲಿಯೂ ಅನೇಕರು ಅದನ್ನೇ ನಕಲು ಮಾಡಿದರು. ಆದರೆ ಮೈ ಮಾರುವುದು ಗಡೀಪಾರು ಮಾಡುವಂಥ ಅಪರಾಧವೇ ಆಗಿರಲಿಲ್ಲ. ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಕಳ್ಳತನ, ಅದರಲ್ಲೂ ಬಟ್ಟೆ ಕಳ್ಳತನ. ಒಡತಿಯ ಗೌನು, ಅಂಗಡಿಯ ಕಟ್ಟೆಯ ಮೇಲಿನ ರಿಬ್ಬನ್ ಸುರುಳಿ, ಒಣಹಾಕಿದ ಹಾಸಿಗೆ ಬಟ್ಟೆ, ಕರವಸ್ತ್ರ. ಕದ್ದವರಲ್ಲಿ ಹೆಚ್ಚಿನವರು ಮನೆಗೆಲಸದವರು.

ಬಟ್ಟೆಯೇ ಏಕೆ? ಗಿರಣಿಗಳು ಬಟ್ಟೆಯನ್ನು ಅಗ್ಗ ಮಾಡುವ ಮೊದಲು ಒಂದು ಒಳ್ಳೆಯ ಉಡುಪು ಎಂದರೆ ಕೈಯಲ್ಲಿನ ಕಾಸಿನ ಹಾಗೆ. ಎಲ್ಲಿ ಬೇಕಾದರೂ ಗಿರವಿ ಇಡಬಹುದು, ಕೂಡಲೇ ಮಾರಬಹುದು. ಕೆಲಸ ಕಳೆದುಕೊಂಡ, ಊರು ಬಿಟ್ಟು ಬಂದ ಹುಡುಗಿಯ ಕೈಗೆ ಸುಲಭವಾಗಿ ಎಟುಕುತ್ತಿದ್ದ ಬೆಲೆಬಾಳುವ ವಸ್ತು ಅದೇ.

ಇನ್ನು ಕಾನೂನಿನ ಲೆಕ್ಕ. ಆಗಿನ ಇಂಗ್ಲೆಂಡಿನಲ್ಲಿ ಗಲ್ಲು ಶಿಕ್ಷೆಯ ಅಪರಾಧಗಳು 200ಕ್ಕೂ ಮೇಲ್ಪಟ್ಟಿದ್ದವು. ಅಂಗಡಿಯಿಂದ ಗುಟ್ಟಾಗಿ ಕದ್ದ ಮಾಲು 5 ಶಿಲ್ಲಿಂಗ್ ಮುಟ್ಟಿದರೆ ಗಲ್ಲು, ಮನೆಯೊಳಗಿಂದ ಕದ್ದದ್ದು 40 ಶಿಲ್ಲಿಂಗ್ ಮುಟ್ಟಿದರೆ ಗಲ್ಲು. ಹೀಗಾಗಿ ಪಂಚರು ಎಷ್ಟೋ ಸಲ ಮಾಲಿನ ಬೆಲೆಯನ್ನೇ ಇಳಿಸಿ ಬರೆಸುತ್ತಿದ್ದರು. ಹಳೆಯ ತೀರ್ಪುಗಳಲ್ಲಿ '39 ಶಿಲ್ಲಿಂಗ್' ಎಂಬ ಅಂಕಿ ಕಂಡರೆ, ಪಂಚರ ಮನಸ್ಸು ಅಲ್ಲೆಲ್ಲೋ ಕರಗಿದೆ ಎಂದು ಅರ್ಥ. ಕುಣಿಕೆಯಿಂದ ಹೀಗೆ ಪಾರಾದವರಿಗೆ ಸಿಗುತ್ತಿದ್ದುದು ಏಳು ವರ್ಷ, ಹದಿನಾಲ್ಕು ವರ್ಷ ಇಲ್ಲವೇ ಜೀವಾವಧಿ ಗಡೀಪಾರು. ಬಹುಪಾಲು ಹೆಂಗಸರಿಗೆ ಸಿಕ್ಕಿದ್ದು ಏಳು ವರ್ಷ.

ಈ 'ಏಳು ವರ್ಷ' ಎಂಬ ಮಾತಿನಲ್ಲೇ ಇಡೀ ವಿಷಯದ ಗಂಟು ಇದೆ. ಏಳು ವರ್ಷ ಮುಗಿದ ಮೇಲೆ ಹಿಂದಿರುಗಲು ಸರ್ಕಾರ ಹಡಗು ಕೊಡುತ್ತಿರಲಿಲ್ಲ. ಗಂಡಸಾದರೆ ಯಾವುದಾದರೂ ಹಡಗಿನಲ್ಲಿ ನಾವಿಕನಾಗಿ ದುಡಿಯುತ್ತಾ ಊರು ಸೇರಬಹುದಿತ್ತು. ಹೆಂಗಸಿಗೆ ಆ ಕೆಲಸ ಕೊಡುವವರಿಲ್ಲ. ಟಿಕೆಟ್ಟಿಗೆ ಹಣ ಕೂಡಿಸಬೇಕು, ಇಲ್ಲದಿದ್ದರೆ ಹಡಗಿನವರ ಹಂಗಿಗೆ ಬೀಳಬೇಕು. ಕಾಗದದ ಮೇಲೆ ಏಳು ವರ್ಷವಿದ್ದರೂ ಹೆಚ್ಚಿನ ಹೆಂಗಸರ ಪಾಲಿಗೆ ಅದು ಜೀವನಪೂರ್ತಿಯ ಶಿಕ್ಷೆ. ತಾಯಿ, ಗಂಡ, ಹಿಂದೆ ಬಿಟ್ಟ ಮಕ್ಕಳು ಅವರಿಗೆ ಮತ್ತೆ ಸಿಗಲಿಲ್ಲ. ಹೊರಡುವ ಮುನ್ನ ಕೈದಿಗಳು ತಾಮ್ರದ ಪೆನ್ನಿಯನ್ನು ಉಜ್ಜಿ ರಾಜನ ಮುಖವನ್ನು ಅಳಿಸಿ, ನುಣುಪಾದ ಆ ಬಿಲ್ಲೆಯ ಮೇಲೆ ಸಣ್ಣ ಸಣ್ಣ ಚುಕ್ಕಿಗಳಲ್ಲಿ ಹೆಸರು, ತಾರೀಖು, 'ಮರೆಯಬೇಡ' ಎಂಬಂಥ ಎರಡು ಸಾಲು ಕೊರೆಸಿ ಮನೆಯವರಿಗೆ ಕೊಟ್ಟು ಹೋಗುತ್ತಿದ್ದರು. ಅಂಥ ನೂರಾರು ನಾಣ್ಯಗಳು ಈಗ ಕ್ಯಾನ್ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.

ಸರ್ಕಾರಕ್ಕೆ ಹೆಂಗಸರು ಬೇಕಾಗಿದ್ದುದು ಶಿಕ್ಷೆ ಕೊಡಲು ಮಾತ್ರವಲ್ಲ. ಹೊಸ ವಸಾಹತಿನಲ್ಲಿ ಗಂಡಸರ ಸಂಖ್ಯೆ ವಿಪರೀತವಾಗಿತ್ತು. ಮೊದಲ ಗವರ್ನರ್ ಆರ್ಥರ್ ಫಿಲಿಪ್‌ಗೆ ಲಂಡನ್ನು ಕೊಟ್ಟ ಆದೇಶದಲ್ಲಿ ಪೆಸಿಫಿಕ್ ದ್ವೀಪಗಳಿಂದ ಹೆಂಗಸರನ್ನು ತಂದುಕೊಳ್ಳುವ ಮಾತು ಕೂಡ ಇತ್ತು. ಅದು ನಡೆಯಲಿಲ್ಲ. ಗಂಡಸರನ್ನು ಕಟ್ಟಿಹಾಕಲು, ಸಂಸಾರ ಹೂಡಿಸಲು, ಮಕ್ಕಳನ್ನು ಹೆರಲು ಹೆಣ್ಣು ಕೈದಿಗಳನ್ನೇ ಸರ್ಕಾರ ನೆಚ್ಚಿತು. ಅವರಿಂದ ಇದನ್ನೆಲ್ಲ ಬಯಸಿದವರೇ, ಹಾಗೆ ಬದುಕಿದ್ದಕ್ಕಾಗಿ ಅವರನ್ನು ದಂಡಿಸಿದರು. ನನ್ನನ್ನು ಹೆಚ್ಚು ಕಾಡುವುದು ಇದೇ.

ಹಡಗಿನೊಳಗೆ

ಮೇರಿ ವೇಡ್ ಹೋದ ಲೇಡಿ ಜೂಲಿಯಾನಾದ ಪಯಣ ಹತ್ತು ತಿಂಗಳಿಗೂ ಹೆಚ್ಚು ಹಿಡಿಯಿತು. ಆ ಹಡಗಿನ ಸ್ಟೂವರ್ಡ್ ಜಾನ್ ನಿಕೋಲ್ ಎಂಬವನು ಮುದುಕನಾದ ಮೇಲೆ ತನ್ನ ನೆನಪುಗಳನ್ನು ಬರೆಸಿದ್ದರಿಂದ ಒಳಗಿನ ಬದುಕಿನ ಕೆಲವು ಚಿತ್ರಗಳು ಉಳಿದಿವೆ. ನಾವಿಕರು ಒಬ್ಬೊಬ್ಬ ಹೆಂಗಸನ್ನು 'ಹೆಂಡತಿ' ಎಂದು ಇಟ್ಟುಕೊಂಡರು. ಒಪ್ಪಿಗೆ ಕೇಳಿದವರೆಷ್ಟು, ಕೇಳದವರೆಷ್ಟು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹೆಂಗಸರ ಕೈಗೆ ಬಟ್ಟೆ ಕೊಟ್ಟು ಅಂಗಿ ಹೊಲಿಸಿದರು. ನಿಕೋಲ್ ಸ್ವತಃ ಸಾರಾ ವಿಟ್‌ಲಾಮ್ ಎಂಬವಳನ್ನು ಮೆಚ್ಚಿದ. ಅವಳ ಬೇಡಿಯ ಮೊಳೆಯನ್ನು ಕಮ್ಮಾರರ ಅಡಿಗಲ್ಲಿನ ಮೇಲಿಟ್ಟು ತೆಗೆಯುವಾಗಲೇ ಅವಳ ಮೇಲೆ ಮನಸ್ಸಾಯಿತಂತೆ. ದಾರಿಯಲ್ಲೇ ಅವಳಿಗೆ ಅವನಿಂದ ಗಂಡು ಮಗು ಹುಟ್ಟಿತು. ಸಿಡ್ನಿಯಲ್ಲಿ ಹಡಗು ಅವನನ್ನು ಕರೆದುಕೊಂಡು ಹೊರಟುಬಿಟ್ಟಿತು. ಅವಳು ಅಲ್ಲೇ ಉಳಿದಳು, ಬೇಗನೆ ಇನ್ನೊಬ್ಬನನ್ನು ಮದುವೆಯಾದಳು. ಕಾಪಾಡಲು ಗಂಡೊಬ್ಬನಿಲ್ಲದೆ ಎಳೆಗೂಸು ಕಟ್ಟಿಕೊಂಡು ಆ ಊರಲ್ಲಿ ಬದುಕುವುದು ಹೇಗಿತ್ತು ಎಂದು ತಿಳಿದರೆ ಅವಳ ಅವಸರ ಅರ್ಥವಾಗುತ್ತದೆ. ನಿಕೋಲ್ ಅವಳಿಗಾಗಿ ವರ್ಷಗಟ್ಟಲೆ ಹಡಗಿನಿಂದ ಹಡಗಿಗೆ ಅಲೆದ. ಅವನಿಗೆ ಸಿಕ್ಕ ಸುದ್ದಿ, ಅವಳು ಬೊಂಬಾಯಿಗೆ ಹೋದಳು ಎಂಬುದು. ಮತ್ತೆ ಅವಳನ್ನು ಕಾಣಲಿಲ್ಲ.

ಹಾಗೆ ನೋಡಿದರೆ ಜೂಲಿಯಾನಾದ ಹೆಂಗಸರು ಪುಣ್ಯವಂತರು. ಅದರ ಹಿಂದೆಯೇ ಬಂದ ಎರಡನೇ ತಂಡದ ಉಳಿದ ಹಡಗುಗಳನ್ನು ಗುಲಾಮರ ಸಾಗಾಟದಲ್ಲಿ ಪಳಗಿದ ಗುತ್ತಿಗೆದಾರರು ನಡೆಸಿದರು. ಅವರಿಗೆ ಹಣ ಸಿಗುತ್ತಿದ್ದುದು ಹಡಗು ಹತ್ತಿಸಿದ ತಲೆಯ ಲೆಕ್ಕಕ್ಕೆ, ಜೀವಂತ ಇಳಿಸಿದ ತಲೆಯ ಲೆಕ್ಕಕ್ಕಲ್ಲ. ಊಟ ಉಳಿಸಿದಷ್ಟೂ ಲಾಭ. ಸಾವಿರ ಚಿಲ್ಲರೆ ಕೈದಿಗಳಲ್ಲಿ ಸುಮಾರು ಕಾಲು ಭಾಗ ದಾರಿಯಲ್ಲೇ ಸತ್ತರು. ಆಮೇಲೆ ನಿಯಮ ಬದಲಾಯಿತು. ಪ್ರತಿ ಹಡಗಿಗೂ ವೈದ್ಯರು ಬಂದರು, ಸಾವು ಬಹಳ ಕಡಿಮೆಯಾಯಿತು.

ಆದರೂ 1833ರ ಆಗಸ್ಟ್ 31ರಂದು 'ಆಂಫಿಟ್ರೈಟ್' ಹಡಗಿನಲ್ಲಿ ಆದದ್ದನ್ನು ಹೇಳದೆ ಮುಂದೆ ಹೋಗಲಾರೆ. ನೂರಕ್ಕೂ ಹೆಚ್ಚು ಹೆಂಗಸರು, ಹನ್ನೆರಡು ಮಕ್ಕಳಿದ್ದ ಆ ಹಡಗು ಬಿರುಗಾಳಿಗೆ ಸಿಕ್ಕಿ ಫ್ರಾನ್ಸಿನ ಬುಲೋನ್ ಊರಿನ ಎದುರಿಗೇ ಮರಳಿನಲ್ಲಿ ಹೂತು ನಿಂತಿತು. ದಡದ ಜನ ನೆರವಿಗೆ ಮುಂದಾದರು. ಕೈದಿಗಳನ್ನು ದಡಕ್ಕೆ ಬಿಡುವ ಅಧಿಕಾರ ತನಗಿಲ್ಲವೆಂದು ಕ್ಯಾಪ್ಟನ್ ಒಪ್ಪಲಿಲ್ಲ. ರಾತ್ರಿ ಅಲೆಗಳು ಹಡಗನ್ನು ಸೀಳಿದವು. ಬದುಕಿದವರು ಮೂವರು, ಮೂವರೂ ನಾವಿಕರು. ಒಬ್ಬ ಹೆಂಗಸಾಗಲಿ ಮಗುವಾಗಲಿ ಉಳಿಯಲಿಲ್ಲ.

ಈ ಹಡಗುಗಳ ಬದುಕನ್ನು ಕೊಂಚ ಸಹ್ಯ ಮಾಡಿದವಳು ಎಲಿಜಬೆತ್ ಫ್ರೈ. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲಿ ಹೆಂಗಸರು ಮಕ್ಕಳ ಸಮೇತ ಬರಿ ನೆಲದ ಮೇಲೆ ಬಿದ್ದಿದ್ದುದನ್ನು ಕಂಡ ಆಕೆ ಮುಂದೆ ಅವರಿಗಾಗಿಯೇ ಸಂಘ ಕಟ್ಟಿದಳು. ಆ ಸಂಘದ ಹೆಂಗಸರು ಹೊರಡಲಿರುವ ಹಡಗುಗಳಿಗೆ ಹೋಗಿ ಪ್ರತಿಯೊಬ್ಬಳಿಗೂ ಒಂದು ಚೀಲ ಕೊಡುತ್ತಿದ್ದರು. ಅದರಲ್ಲಿ ಬೈಬಲ್, ಏಪ್ರನ್, ಸೂಜಿ, ದಾರ, ಕತ್ತರಿ, ಬೆರಳಿಗೆ ತೊಡುವ ಅಂಗುಸ್ತಾನ, ಎರಡು ಪೌಂಡಿನಷ್ಟು ಬಟ್ಟೆ ಚೂರುಗಳು. ಬಟ್ಟೆ ಕದ್ದು ಹಡಗು ಹತ್ತಿದವರ ಮಡಿಲಿಗೆ ಬಟ್ಟೆಯ ಚೂರು. ತಿಂಗಳುಗಟ್ಟಲೆ ಸುಮ್ಮನೆ ಕುಳಿತು ಹುಚ್ಚು ಹಿಡಿಯದಿರಲಿ, ಇಳಿದಲ್ಲಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳಲಿ ಎಂಬ ಯೋಚನೆ.

1841ರ ಏಪ್ರಿಲ್‌ನಲ್ಲಿ ಹೊರಟು ಜುಲೈನಲ್ಲಿ ಟಾಸ್ಮೇನಿಯಾದ ಹೋಬಾರ್ಟ್ ಮುಟ್ಟಿದ 'ರಾಜಾ' ಎಂಬ ಹಡಗಿನಲ್ಲಿ 180 ಹೆಣ್ಣು ಕೈದಿಗಳಿದ್ದರು. ದಾರಿಯುದ್ದಕ್ಕೂ ಅವರಲ್ಲಿ ಕೆಲವರು ಕೂತು ಒಂದು ದೊಡ್ಡ ಕೌದಿ ಹೊಲಿದರು. ಮೂರು ಮೀಟರಿಗೂ ಮಿಕ್ಕಿದ ಉದ್ದ ಅಗಲ, 2,815 ಚೂರುಗಳು. ನಡುವೆ ಹೂವು ಹಕ್ಕಿಗಳ ಚೀಟಿ ಬಟ್ಟೆ, ಸುತ್ತ ಸಾಲು ಸಾಲು ಅಂಚು. ಕೆಲವೆಡೆ ಹೊಲಿಗೆ ನುಣ್ಣಗೆ ಪಳಗಿದ ಕೈಯದು, ಕೆಲವೆಡೆ ಒರಟು. ಅಂಚಿನಲ್ಲಿ ಸಂಘದ ಮಹಿಳೆಯರಿಗೆ ಕೃತಜ್ಞತೆಯ ಸಾಲುಗಳನ್ನು ದಾರದಲ್ಲಿ ಬರೆದಿದ್ದಾರೆ. ಹೊಲಿದವರ ಹೆಸರು ಒಂದೂ ಇಲ್ಲ. ಆ ಕೌದಿ 1987ರಲ್ಲಿ ಸ್ಕಾಟ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿತು. ಈಗ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಗ್ಯಾಲರಿಯಲ್ಲಿದೆ.

ಕಾರ್ಖಾನೆ ಎಂಬ ಹೆಸರಿನ ಸೆರೆಮನೆ

ಹಡಗಿನಿಂದ ಇಳಿದ ಹೆಂಗಸನ್ನು ಸಾಮಾನ್ಯವಾಗಿ ಯಾವುದಾದರೂ ಮನೆಗೆ ಆಳಾಗಿ ಹಂಚುತ್ತಿದ್ದರು. ಕೂಲಿ ಇಲ್ಲ, ಊಟ ಬಟ್ಟೆ ಮಾತ್ರ. ಎದುರು ಮಾತಾಡಿದಳು, ಕುಡಿದಳು, ಹೇಳದೆ ಹೊರಗೆ ಹೋದಳು ಎಂದು ಒಡೆಯ ದೂರಿದರೆ ಸಾಕು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಒಡೆಯನೇ ಮೈಮೇಲೆ ಬಂದರೆ ದೂರುವುದು ಯಾರ ಹತ್ತಿರ? ನಡತೆ ಸರಿಯಿದ್ದವಳಿಗೆ ಕೆಲವು ವರ್ಷಗಳ ಬಳಿಕ 'ಟಿಕೆಟ್ ಆಫ್ ಲೀವ್' ಸಿಗುತ್ತಿತ್ತು. ಅದಿದ್ದರೆ ಒಂದು ಜಿಲ್ಲೆಯೊಳಗೆ ತನಗಾಗಿ ದುಡಿದುಕೊಳ್ಳಬಹುದು. ಅವಧಿ ಮುಗಿದವಳಿಗೆ ಬಿಡುಗಡೆಯ ಪತ್ರ.

ಯಾವ ಮನೆಗೂ ಹೋಗದವರನ್ನು, ತಪ್ಪು ಮಾಡಿದವರನ್ನು, ಬಸುರಿಯರನ್ನು ಇಡಲು ಕಟ್ಟಿದ್ದು 'ಫೀಮೇಲ್ ಫ್ಯಾಕ್ಟರಿ', ಅಂದರೆ ಹೆಂಗಸರ ಕಾರ್ಖಾನೆ. ಮೊದಲನೆಯದು ಸಿಡ್ನಿ ಹತ್ತಿರದ ಪ್ಯಾರಮಟ್ಟಾದಲ್ಲಿ, ಜೈಲಿನ ಮೇಲಿನ ಅಟ್ಟದಲ್ಲಿ 1804ರಲ್ಲಿ ಶುರುವಾಯಿತು. ಹಗಲು ಉಣ್ಣೆ ನೂಲುವುದು, ನೇಯುವುದು. ರಾತ್ರಿ ಎಲ್ಲರಿಗೂ ಮಲಗಲು ಜಾಗವಿಲ್ಲ. ಜಾಗ ಸಿಗದವರು ಊರಲ್ಲಿ ಬಾಡಿಗೆ ಕೊಟ್ಟು ಇರಬೇಕು. ಕೈಯಲ್ಲಿ ಕಾಸಿಲ್ಲದ ಕೈದಿಗೆ ಬಾಡಿಗೆ ಎಲ್ಲಿಂದ ಬರಬೇಕು? ಅವರನ್ನು ಮೈ ಮಾರುವ ದಾರಿಗೆ ನೂಕಿದ್ದು ಈ ಏರ್ಪಾಡೇ. ಕೆಟ್ಟ ಹೆಸರು ಬಂದದ್ದು ಮಾತ್ರ ಹೆಂಗಸರಿಗೆ.

1818ರಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದ ಗವರ್ನರ್ ಲಾಕ್ಲನ್ ಮ್ಯಾಕ್ವಾರಿ ನಮ್ಮ ನೆಲವನ್ನು ಕಂಡವನು. ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷ್ ಸೇನೆಯಲ್ಲಿ, 1792ರಲ್ಲೂ 1799ರಲ್ಲೂ ಇದ್ದವನು. ಕಟ್ಟಡದ ನಕ್ಷೆ ಬರೆದ ಫ್ರಾನ್ಸಿಸ್ ಗ್ರೀನ್‌ವೇ ಖೋಟಾ ದಾಖಲೆಯ ಅಪರಾಧಕ್ಕೆ ಗಡೀಪಾರಾಗಿ ಬಂದವನು. ಅಲ್ಲಿ ಮೂರು ವರ್ಗ ಮಾಡಿದರು. ಮೊದಲ ವರ್ಗದವರನ್ನು ಮನೆಗೆಲಸಕ್ಕೆ ಕಳಿಸಬಹುದು, ಅವರು ಮದುವೆಯಾಗಬಹುದು. ಮೂರನೆಯದು ಅಪರಾಧಿ ವರ್ಗ. ಹೆಣ್ಣು ಬೇಕೆಂದು ಬರುವ ಗಂಡಸರ ಮುಂದೆ ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಅವನು ನೋಡಿ ಒಬ್ಬಳನ್ನು ಆರಿಸಬೇಕು, ಅವಳು ಬೇಕಾದರೆ ಒಲ್ಲೆ ಎನ್ನಬಹುದು. ಆದರೆ ಒಲ್ಲೆ ಎಂದವಳು ಹಿಂದಿರುಗುವುದು ಅದೇ ಗೋಡೆಗಳ ಒಳಗೆ. 1827ರ ಅಕ್ಟೋಬರ್‌ನಲ್ಲಿ ರೊಟ್ಟಿ ಸಕ್ಕರೆಯ ಪಾಲನ್ನು ಕಡಿತ ಮಾಡಿದಾಗ ಹೆಂಗಸರು ಬಾಗಿಲು ಮುರಿದು ಪೇಟೆಗೆ ನುಗ್ಗಿದರು, ಅಂಗಡಿಗಳಲ್ಲಿ ಸಿಕ್ಕ ರೊಟ್ಟಿ ಮಾಂಸವನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡರು. ಸೈನಿಕರು ಅವರನ್ನು ಹಿಂದಕ್ಕೆ ಅಟ್ಟಿದರು.

ಹೋಬಾರ್ಟಿನ ಕ್ಯಾಸ್ಕೇಡ್ಸ್ ಕಾರ್ಖಾನೆ ಇನ್ನೂ ಕಠಿಣ. 1828ರಲ್ಲಿ ಹಳೆಯ ಸಾರಾಯಿ ಭಟ್ಟಿಯ ಕಟ್ಟಡವನ್ನೇ ಸೆರೆಮನೆಯಾಗಿ ಮಾರ್ಪಡಿಸಿದರು. ಬೆಟ್ಟದ ಬುಡ, ಕಣಿವೆ, ಪಕ್ಕದಲ್ಲೇ ತೊರೆ. ಚಳಿಗಾಲದಲ್ಲಿ ಬಿಸಿಲು ಅಷ್ಟು ಬೇಗ ಒಳಗಿಳಿಯುವುದಿಲ್ಲ, ಗೋಡೆ ಒಣಗುವುದಿಲ್ಲ. ಅಲ್ಲಿ ಊರವರ ಬಟ್ಟೆ ಒಗೆಯುವುದೇ ದೊಡ್ಡ ಕೆಲಸ. ಅಪರಾಧಿ ವರ್ಗದವರ ಉಡುಪಿನ ಮೇಲೆ ದೂರಕ್ಕೂ ಕಾಣುವಂತೆ ಹಳದಿ ಬಟ್ಟೆಯ 'ಸಿ' ಅಕ್ಷರ ಹೊಲಿದಿರುತ್ತಿತ್ತು. ಹೊಸದಾಗಿ ಬಂದವಳ ತಲೆಗೂದಲು ಕತ್ತರಿಸುವುದೂ ಒಂದು ಶಿಕ್ಷೆ. ಒಂಟಿ ಕೋಣೆಗಿಂತ, ಬರಿ ರೊಟ್ಟಿ ನೀರಿಗಿಂತ ಹೆಂಗಸರು ಇದನ್ನೇ ಹೆಚ್ಚು ದ್ವೇಷಿಸುತ್ತಿದ್ದರು.

ಈ ಕಾರ್ಖಾನೆಯಲ್ಲಿ ಒಂದು ಚಕ್ರ ಸುತ್ತುತ್ತಿತ್ತು. ಮನೆಗೆಲಸಕ್ಕೆ ಕೊಟ್ಟ ಹೆಂಗಸು ಬಸುರಿಯಾದರೆ ಕಾರ್ಖಾನೆಗೆ ವಾಪಸು. ಬಸುರು ಮಾಡಿದವನು ಒಡೆಯನೇ ಆಗಿದ್ದರೂ ಅವನಿಗೆ ಏನೂ ಇಲ್ಲ. ಅಲ್ಲೇ ಹೆರಿಗೆ. ಮಗು ಹಾಲು ಬಿಡುವ ಹೊತ್ತಿಗೆ ತಾಯಿಯನ್ನು ಬೇರ್ಪಡಿಸಿ ಅಪರಾಧಿ ವರ್ಗಕ್ಕೆ ಹಾಕುತ್ತಿದ್ದರು, ಸಾಮಾನ್ಯವಾಗಿ ಆರು ತಿಂಗಳು. ಹೆತ್ತದ್ದೇ ಅಪರಾಧ. ಮಗು ಗಿಜಿಗುಡುವ ತೊಟ್ಟಿಲ ಕೋಣೆಯಲ್ಲಿ ಉಳಿಯುತ್ತಿತ್ತು. ತಂಪು, ಭೇದಿ, ಹಾಲಿಲ್ಲದ ಕೂಸುಗಳು. ನೂರಾರು ಮಕ್ಕಳು ಹಾಗೆ ಸತ್ತವು. 1838ರಲ್ಲಿ ಸಾವಿನ ವಿಚಾರಣೆ ನಡೆದು ಊರಲ್ಲಿ ಗದ್ದಲವಾದ ಮೇಲೆ ತೊಟ್ಟಿಲ ಕೋಣೆಯನ್ನು ಪೇಟೆಯ ಲಿವರ್‌ಪೂಲ್ ರಸ್ತೆಯ ಒಂದು ಮನೆಗೆ ಸಾಗಿಸಿದರು. ಬದುಕಿದ ಮಕ್ಕಳನ್ನು ಎರಡು ಮೂರು ವರ್ಷ ತುಂಬಿದೊಡನೆ ಸರ್ಕಾರಿ ಅನಾಥಾಲಯಕ್ಕೆ ಕಳಿಸುತ್ತಿದ್ದರು, ತಾಯಿ ಅದೇ ಊರಲ್ಲಿ ಬದುಕಿದ್ದರೂ. ಅವಳನ್ನು ಮತ್ತೆ ಯಾವುದೋ ಮನೆಗೆ ಕೆಲಸಕ್ಕೆ ಹಂಚುತ್ತಿದ್ದರು. ಚಕ್ರ ಮತ್ತೆ ಮೊದಲಿನಿಂದ.

ಮದುವೆಯಾಗಿ ಸಂಸಾರ ಮಾಡಿದವರಿಗೂ ಮರ್ಯಾದೆ ಸಿಕ್ಕಿತೆಂದು ಹೇಳುವಂತಿಲ್ಲ. 1806ರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ವಸಾಹತಿನ ಹೆಂಗಸರ ಪಟ್ಟಿ ಮಾಡಿದ. ಅವನ ಪಟ್ಟಿಯಲ್ಲಿ ಇದ್ದದ್ದು ಎರಡೇ ಬಗೆ, ಒಂದು 'ಮದುವೆಯಾದವಳು', ಇನ್ನೊಂದು 'ಇಟ್ಟುಕೊಂಡವಳು'. ಇಂಗ್ಲೆಂಡಿನ ಚರ್ಚಿನ ವಿಧಿಯಂತೆ ಆಗದ ಮದುವೆ ಅವನ ಲೆಕ್ಕಕ್ಕೆ ಮದುವೆಯೇ ಅಲ್ಲ. ಕ್ಯಾಥೊಲಿಕ್ ವಿಧಿಯಂತೆ ಕೈಹಿಡಿದ ಐರಿಷ್ ಹೆಂಗಸರು, ವರ್ಷಗಟ್ಟಲೆ ಒಬ್ಬನ ಜೊತೆಗೇ ಬಾಳಿದವರು, ಎಲ್ಲರೂ ಎರಡನೇ ಸಾಲಿಗೆ ಬಿದ್ದರು. ಈ ಪಟ್ಟಿ ಲಂಡನ್ನಿಗೆ ಹೋಯಿತು. ಅಲ್ಲಿಯವರು ಅದನ್ನೇ ನಂಬಿದರು.

ಓಡಿದವಳು, ನಿಂತವರು

ಚಕ್ರದಿಂದ ಹಾರಿ ಹೋಗಲು ನೋಡಿದವರೂ ಇದ್ದಾರೆ. ಕಾರ್ನ್‌ವಾಲಿನ ಮೇರಿ ಬ್ರಯಂಟ್ ಮೊದಲ ತಂಡದಲ್ಲಿ ಬಂದವಳು, ಹಡಗಿನಲ್ಲೇ ಹೆತ್ತವಳು. ಅವಳ ಗಂಡ ವಿಲಿಯಂನ ಶಿಕ್ಷೆ ಮುಗಿಯುತ್ತ ಬಂದಿತ್ತು. ಆದರೆ ಮೊದಲ ತಂಡದ ಕೈದಿಗಳ ಶಿಕ್ಷೆಯ ಕಾಗದಗಳನ್ನು ತರಲು ಅಧಿಕಾರಿಗಳು ಮರೆತಿದ್ದರು. ಯಾರ ಅವಧಿ ಯಾವಾಗ ಮುಗಿಯುತ್ತದೆ ಎಂದು ತೋರಿಸಲು ಸಿಡ್ನಿಯಲ್ಲಿ ದಾಖಲೆಯೇ ಇರಲಿಲ್ಲ. ಊರಲ್ಲಿ ಹಸಿವು ಬೇರೆ. 1791ರ ಮಾರ್ಚ್ 28ರ ರಾತ್ರಿ ಮೇರಿ, ಗಂಡ, ಇಬ್ಬರು ಎಳೆಯ ಮಕ್ಕಳು, ಏಳು ಜನ ಕೈದಿಗಳು ಗವರ್ನರನ ದೋಣಿ ಕದ್ದು ಕಡಲಿಗಿಳಿದರು. 69 ದಿನ, ಸುಮಾರು 5,000 ಕಿಲೋಮೀಟರ್, ತೆರೆದ ದೋಣಿಯಲ್ಲಿ ಟಿಮೋರಿನ ಕುಪಾಂಗ್ ತಲುಪಿದರು. ಅಲ್ಲಿ ಸಿಕ್ಕಿಬಿದ್ದರು. ಗಂಡ, ಚಿಕ್ಕ ಮಗ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ ಸತ್ತರು. ಇಂಗ್ಲೆಂಡಿಗೆ ಒಯ್ಯುವ ಹಡಗಿನಲ್ಲಿ ಮಗಳು ಸತ್ತಳು, ನೀರಿಗೆ ಇಳಿಸಿದರು. ಒಂಟಿಯಾಗಿ ನ್ಯೂಗೇಟ್ ಸೇರಿದ ಮೇರಿಯ ಪರವಾಗಿ ಓಡಾಡಿ 1793ರಲ್ಲಿ ಬಿಡುಗಡೆ ಕೊಡಿಸಿದವನು ಲೇಖಕ ಜೇಮ್ಸ್ ಬಾಸ್‌ವೆಲ್. ಅವಳು ಅವನಿಗೆ ಒಂದಿಷ್ಟು ಒಣಗಿದ ಎಲೆ ಕೊಟ್ಟಿದ್ದಳು. ಸಿಡ್ನಿಯ ಕೈದಿಗಳು ಚಹಾದ ಬದಲು ಕುದಿಸಿ ಕುಡಿಯುತ್ತಿದ್ದ ಕಾಡುಬಳ್ಳಿಯ ಎಲೆ. ಅಷ್ಟು ದೂರ, ಅಷ್ಟು ಸಾವುಗಳ ನಡುವೆ ಆ ಎಲೆಗಳು ಅವಳ ಜೊತೆಗೇ ಇದ್ದವು. ಬಾಸ್‌ವೆಲ್ಲನ ಕಾಗದಗಳ ನಡುವೆ ಅವು ಇಂದಿಗೂ ಉಳಿದಿವೆ.

ಹೋಗಲಾಗದೆ ನಿಂತವರು ಮನೆ ಕಟ್ಟಿದರು, ಜಮೀನು ಮಾಡಿದರು. ಅದು ಬೇರೆಯವರ ನೆಲ. ಸಿಡ್ನಿಯ ಕೊಲ್ಲಿಯ ಸುತ್ತ ಬದುಕಿದ್ದ ಗಡಿಗಲ್ ಮತ್ತು ನೆರೆಯ ಮೂಲನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಜನ 1789ರ ಸಿಡುಬಿಗೆ ಬಲಿಯಾದರು ಎಂದು ಫಿಲಿಪ್‌ನೇ ಅಂದಾಜು ಮಾಡಿದ್ದಾನೆ. ಕೈದಿ ಹೆಂಗಸು ಬಿಡುಗಡೆಯಾಗಿ ಉಳುಮೆ ಶುರುಮಾಡಿದಾಗ ಇನ್ನೊಬ್ಬ ಹೆಂಗಸು ತನ್ನ ಗೆಣಸಿನ ನೆಲ, ಮೀನಿನ ದಡ ಕಳೆದುಕೊಳ್ಳುತ್ತಿದ್ದಳು. ಈ ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಕಥೆ ಅರ್ಧ.

ಮೇರಿ ವೇಡ್ 1859ರಲ್ಲಿ, ಎಂಬತ್ತು ದಾಟಿದ ಮೇಲೆ ತೀರಿಕೊಂಡಳು. ಅವಳಿಗೆ 21 ಮಕ್ಕಳು. ಅವಳು ಸಾಯುವ ಹೊತ್ತಿಗೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಂದು 300ಕ್ಕೂ ಹೆಚ್ಚು ಜನ ಬದುಕಿದ್ದರು. ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ಕೆವಿನ್ ರಡ್ ಅವಳ ವಂಶದವರು.

ಇನ್ನೊಬ್ಬಳು ಮೇರಿ ರೈಬಿ. ಲ್ಯಾಂಕಶೈರಿನವಳು, ಗಂಡು ಹುಡುಗನ ವೇಷದಲ್ಲಿ ಕುದುರೆ ಕದ್ದು ಸಿಕ್ಕಿಬಿದ್ದಾಗ ಅವಳಿಗೆ ಹದಿಮೂರು ಹದಿನಾಲ್ಕು ವರ್ಷ. 1792ರಲ್ಲಿ ಸಿಡ್ನಿಯಲ್ಲಿ ಇಳಿದಳು. ವ್ಯಾಪಾರಿಯೊಬ್ಬನನ್ನು ಮದುವೆಯಾದಳು. 1811ರಲ್ಲಿ ಗಂಡ ಸತ್ತಾಗ ಏಳು ಮಕ್ಕಳು, ಹಡಗುಗಳು, ಗೋದಾಮುಗಳು ಅವಳ ಕೈಗೆ ಬಂದವು. ಅದೆಲ್ಲವನ್ನೂ ಬೆಳೆಸಿ ವಸಾಹತಿನ ದೊಡ್ಡ ಶ್ರೀಮಂತರಲ್ಲಿ ಒಬ್ಬಳಾದಳು. 1994ರಿಂದ ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೆ ಇರುವುದು ಅವಳ ಮುಖ. ಕನ್ನಡಕ ಹಾಕಿಕೊಂಡ, ಸುಕ್ಕುಗಟ್ಟಿದ ಟೋಪಿಯ ಅಜ್ಜಿ.

1820ರಲ್ಲಿ ಅವಳು ತನ್ನದೇ ಹಣದಲ್ಲಿ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹುಟ್ಟೂರು ನೋಡಿಕೊಂಡು ಬಂದಳು. ಆ ಭಾಗ್ಯ ಸಿಕ್ಕವರು ಬೆರಳೆಣಿಕೆಯಷ್ಟು. ಮರು ವರ್ಷ ಸಿಡ್ನಿಗೆ ಹಿಂದಿರುಗಿದಳು. 1828ರಲ್ಲಿ ಜನಗಣತಿಯವರು ಬಂದು, ಈ ದೇಶಕ್ಕೆ ಹೇಗೆ ಬಂದಿರಿ, ಕೈದಿಯಾಗಿಯೋ ಸ್ವತಂತ್ರಳಾಗಿಯೋ, ಯಾವ ವರ್ಷ ಎಂದು ಕೇಳಿದರು. ಸ್ವತಂತ್ರಳಾಗಿ ಬಂದೆ, 1821ರಲ್ಲಿ, ಎಂದು ಅವಳು ಬರೆಸಿದಳು.